ಉಲ್ಹಾಸನಗರದ ಅಕ್ರಮ ಕಟ್ಟಡಗಳು: ಅಡ್ವೊಕೇಟ್ ಜನರಲ್ ಯಾರ ಪರ ವಕೀಲರು?

2021ರ ಮೇ 28ರ ರಾತ್ರಿ ಠಾಣೆ ಜಿಲ್ಲೆಯ ಉಲ್ಹಾಸನಗರದಲ್ಲಿ ಐದು ಅಂತಸ್ತಿನ ವಸತಿ ಕಟ್ಟಡವೊಂದರ ಸ್ಲ್ಯಾಬ್‌ಗಳು ಒಂದರ ಮೇಲೊಂದು ಕುಸಿದು ಏಳು ಮಂದಿ ಸತ್ತರು. ಅದಕ್ಕೆ ಎರಡು ವಾರ ಮೊದಲಷ್ಟೇ ಅದೇ ಊರಿನ ಇನ್ನೊಂದು ಕಟ್ಟಡದಲ್ಲಿ ಇಂಥದ್ದೇ ದುರಂತ ನಡೆದು ಜೀವಹಾನಿಯಾಗಿತ್ತು. ಕುಸಿದ ಕಟ್ಟಡ 1990ರ ದಶಕದ್ದು. ಅನುಮತಿ ಇಲ್ಲದೆ, ಕಳಪೆ ಮರಳು ಮತ್ತು ಸಿಮೆಂಟಿನಲ್ಲಿ ರಾತ್ರೋರಾತ್ರಿ ಅಂತಸ್ತುಗಳು ಎದ್ದ ಕಾಲ ಅದು.

ದುರಂತ ನಡೆದಾಗಲೆಲ್ಲ ಬಿಲ್ಡರ್, ಪಾಲಿಕೆ ಅಧಿಕಾರಿ, ಕಾರ್ಪೊರೇಟರ್ ಮತ್ತು ಮಂತ್ರಿಗಳ ಕಡೆ ಬೆರಳು ತೋರಿಸಲಾಗುತ್ತದೆ. ಚರ್ಚೆಗೆ ಬಾರದೇ ಉಳಿಯುವ ಹುದ್ದೆಯೊಂದಿದೆ: ರಾಜ್ಯದ ಅಡ್ವೊಕೇಟ್ ಜನರಲ್. ಅಕ್ರಮ ಕಟ್ಟಡಗಳನ್ನು ಉಳಿಸಲು ಕಾನೂನು ಮಾಡಬಹುದೇ ಎಂದು ಸರ್ಕಾರ ಸಲಹೆ ಕೇಳಬೇಕಾದದ್ದು ಈ ಅಧಿಕಾರಿಯನ್ನು. ಆ ಕಾನೂನನ್ನು ಯಾರಾದರೂ ಪ್ರಶ್ನಿಸಿದರೆ ಕೋರ್ಟಿನಲ್ಲಿ ಅದನ್ನು ಸಮರ್ಥಿಸಬೇಕಾದವರೂ ಇವರೇ. ಸಾರ್ವಜನಿಕರಿಗೆ ತೊಂದರೆಯಾದಾಗ ಜನರ ಪರವಾಗಿ ತಾವೇ ದಾವೆ ಹೂಡುವ ಅಧಿಕಾರವನ್ನೂ ಕಾನೂನು ಇವರಿಗೆ ಕೊಟ್ಟಿದೆ. ಆದರೆ ಈ ಮೂರರಲ್ಲಿ ಇಂದು ಜನರ ಕಣ್ಣಿಗೆ ಬೀಳುವುದು ಎರಡನೆಯದು ಮಾತ್ರ. ಉಳಿದೆರಡು ಹೇಗೆ ಮಂಕಾದವು ಎಂಬುದಕ್ಕೆ ಮುಂಬೈಯಲ್ಲಿ ಈ ಹುದ್ದೆ ಸವೆಸಿದ ದಾರಿಯೇ ಸಾಕ್ಷಿ.

855 ಕಟ್ಟಡ, ಒಂದು ವಿಶೇಷ ಕಾನೂನು

ಕಲ್ಯಾಣ್ ಮತ್ತು ಅಂಬರನಾಥದ ನಡುವೆ ಇರುವ ಉಲ್ಹಾಸನಗರ ಎರಡನೇ ಮಹಾಯುದ್ಧದ ಕಾಲದ ಸೇನಾ ಶಿಬಿರ. ದೇಶವಿಭಜನೆಯ ನಂತರ ಸಿಂಧ್‌ನಿಂದ ಬಂದ ಸುಮಾರು ಲಕ್ಷದಷ್ಟು ನಿರಾಶ್ರಿತರಿಗೆ ಇಲ್ಲಿನ ಬ್ಯಾರಕ್‌ಗಳಲ್ಲಿ ಜಾಗ ಕೊಡಲಾಯಿತು. 1949ರಲ್ಲಿ ಊರಿಗೆ ಈಗಿನ ಹೆಸರು ಬಂತು. ಬಡಾವಣೆಗಳನ್ನು ಈಗಲೂ ಕ್ಯಾಂಪ್ 1, ಕ್ಯಾಂಪ್ 2 ಎಂದೇ ಕರೆಯುತ್ತಾರೆ. ಸುಮಾರು 13 ಚದರ ಕಿಲೋಮೀಟರ್‌ನ ಈ ಪಟ್ಟಣದಲ್ಲಿ 2011ರ ಜನಗಣತಿಯ ಪ್ರಕಾರ 5 ಲಕ್ಷಕ್ಕೂ ಹೆಚ್ಚು ಜನರಿದ್ದರು. ಬ್ಯಾರಕ್‌ನ ಕೋಣೆಯಲ್ಲಿ ಸಂಸಾರ ಬೆಳೆದಂತೆ ಮೇಲೆ ಅಂತಸ್ತು ಏರಿತು. ಆಮೇಲೆ ಬಿಲ್ಡರ್‌ಗಳು ಬಂದರು, ಬ್ಯಾರಕ್ ಇದ್ದಲ್ಲಿ ಬಹುಮಹಡಿ ಕಟ್ಟಡಗಳು ನಿಂತವು. ಜಮೀನಿನ ಹಕ್ಕುಪತ್ರವೇ ಸರಿಯಿಲ್ಲದ ಕಡೆ ಕಟ್ಟಡಕ್ಕೆ ಪರವಾನಗಿ ಸಿಗುವ ಮಾತೇ ಇರಲಿಲ್ಲ.

2000ರ ದಶಕದ ಆರಂಭದಲ್ಲಿ ಸಾರ್ವಜನಿಕ ಹಿತಾಸಕ್ತಿ ಅರ್ಜಿಯೊಂದರ ಮೂಲಕ ಈ ವಿಷಯ ಬಾಂಬೆ ಹೈಕೋರ್ಟ್ ಮೆಟ್ಟಿಲೇರಿತು. ಪಟ್ಟಿಯಲ್ಲಿದ್ದ ಅಕ್ರಮ ಕಟ್ಟಡಗಳು 855. ತೆರವು ಮಾಡುವಂತೆ ಕೋರ್ಟ್ ಆದೇಶಿಸಿತು. ಸಾವಿರಾರು ಕುಟುಂಬಗಳು ಬೀದಿಗೆ ಬೀಳುವ ಸ್ಥಿತಿ ಬಂದಾಗ ವಿಲಾಸರಾವ್ ದೇಶಮುಖ್ ಸರ್ಕಾರ 2006ರಲ್ಲಿ ಈ ಒಂದೇ ಊರಿಗಾಗಿ ಕಾನೂನು ತಂದಿತು. ದಂಡ ಕಟ್ಟಿಸಿಕೊಂಡು ಉಲ್ಹಾಸನಗರದ ಅನಧಿಕೃತ ಕಟ್ಟಡಗಳನ್ನು ಸಕ್ರಮಗೊಳಿಸುವ ಕಾನೂನು ಅದು. ಆಗ ಮಹಾರಾಷ್ಟ್ರದ ರಾಜ್ಯಪಾಲರಾಗಿದ್ದವರು ಕರ್ನಾಟಕದ ಮಾಜಿ ಮುಖ್ಯಮಂತ್ರಿ ಎಸ್.ಎಂ. ಕೃಷ್ಣ. ಅಡ್ವೊಕೇಟ್ ಜನರಲ್ ಆಗಿದ್ದವರು ರವಿ ಕದಂ.

ಕಾನೂನು ಬಂದರೂ ಸಮಸ್ಯೆ ಕರಗಲಿಲ್ಲ. ಅರ್ಜಿ ಹಾಕಿದವರು ಕಡಿಮೆ, ಅದರಲ್ಲಿ ಸಕ್ರಮ ಪ್ರಮಾಣಪತ್ರ ಕೈಗೆ ಬಂದವರು ಇನ್ನೂ ಕಡಿಮೆ. ದಂಡದ ಮೊತ್ತ ಹೆಚ್ಚಾಯಿತು ಎಂಬುದು ಒಂದು ಕಾರಣ. ಜಮೀನಿನ ದಾಖಲೆ, ಕಟ್ಟಡದ ನಕ್ಷೆ, ದೃಢತೆಯ ವರದಿಯನ್ನು ನಿವಾಸಿಗಳು ಹೊಂದಿಸಿಕೊಳ್ಳಲಾಗದೆ ಹೋದದ್ದು ಇನ್ನೊಂದು ಕಾರಣ. ಕಟ್ಟಿದ ಬಿಲ್ಡರ್ ಅಷ್ಟರಲ್ಲಿ ಕಣ್ಮರೆಯಾಗಿದ್ದ. ಕಾನೂನಿನ ಹೊರೆಯೆಲ್ಲ ಬಿದ್ದದ್ದು ಜೀವಮಾನದ ಉಳಿತಾಯ ಸುರಿದು ಫ್ಲ್ಯಾಟ್ ಕೊಂಡವರ ಮೇಲೆ. ತೆರವಿನ ಒತ್ತಡ ತಗ್ಗಿತು, ಆದರೆ ಕಟ್ಟಡದ ಕಂಬಗಳು ಗಟ್ಟಿಯಾಗಲಿಲ್ಲ. ಹದಿನೈದು ವರ್ಷದ ನಂತರ ಸ್ಲ್ಯಾಬ್‌ಗಳು ಬಿದ್ದಾಗ ಸರ್ಕಾರ ಮತ್ತೆ ಅದೇ 2006ರ ಕಾನೂನನ್ನು ಸಡಿಲಗೊಳಿಸುವ ಬಗ್ಗೆ ಮಾತಾಡಿತು.

ಇಂಥ ಕಾನೂನಿಗೆ ಒಂದು ಮಿತಿಯಿದೆ. ಕೋರ್ಟ್ ತೀರ್ಪನ್ನು ಶಾಸಕಾಂಗ ನೇರವಾಗಿ ತಳ್ಳಿಹಾಕುವಂತಿಲ್ಲ. ತೀರ್ಪಿಗೆ ಆಧಾರವಾದ ಕಾನೂನಿನ ಸ್ಥಿತಿಯನ್ನು ಬದಲಿಸಬಹುದು ಅಷ್ಟೇ. ಗುಜರಾತಿನ ಭರೂಚ್ ಪುರಸಭೆಯ ತೆರಿಗೆ ವಿವಾದದಲ್ಲಿ, ಪೃಥ್ವಿ ಕಾಟನ್ ಮಿಲ್ಸ್ ಪ್ರಕರಣವೆಂದು ಹೆಸರಾದ 1969ರ ತೀರ್ಪಿನಲ್ಲಿ, ಸುಪ್ರೀಂ ಕೋರ್ಟ್ ಈ ಗೆರೆ ಎಳೆದಿದೆ. ಗೆರೆಯ ಯಾವ ಕಡೆ ನಿಲ್ಲುತ್ತೇವೆ ಎಂದು ಸರ್ಕಾರಕ್ಕೆ ಮೊದಲೇ ಹೇಳಬೇಕಾದವರು ಅಡ್ವೊಕೇಟ್ ಜನರಲ್.

ಸಂವಿಧಾನ ಕೊಟ್ಟ ಜಾಗ

ಸಂವಿಧಾನದ 165ನೇ ವಿಧಿ ಪ್ರತಿ ರಾಜ್ಯಕ್ಕೂ ಒಬ್ಬ ಅಡ್ವೊಕೇಟ್ ಜನರಲ್ ಇರಬೇಕು ಎನ್ನುತ್ತದೆ. ಹೈಕೋರ್ಟ್ ನ್ಯಾಯಮೂರ್ತಿಯಾಗುವ ಅರ್ಹತೆ ಇರುವವರನ್ನು ರಾಜ್ಯಪಾಲರು ನೇಮಿಸುತ್ತಾರೆ. ರಾಜ್ಯಪಾಲರು ವಹಿಸಿದ ಕಾನೂನು ವಿಷಯಗಳಲ್ಲಿ ಸರ್ಕಾರಕ್ಕೆ ಸಲಹೆ ಕೊಡುವುದು ಮೊದಲ ಕೆಲಸ. ಅವಧಿ ನಿಗದಿಯಿಲ್ಲ, ರಾಜ್ಯಪಾಲರ ಇಚ್ಛೆ ಇರುವಷ್ಟು ದಿನ ಹುದ್ದೆ. ವ್ಯವಹಾರದಲ್ಲಿ ಇದರ ಅರ್ಥ ಸಂಪುಟದ ಇಚ್ಛೆ ಇರುವಷ್ಟು ದಿನ.

ನ್ಯಾಯಮೂರ್ತಿಗಳಂತೆ ಇವರಿಗೆ ವಯಸ್ಸಿನ ಮಿತಿ ಇದೆಯೇ ಎಂಬ ಪ್ರಶ್ನೆ 1952ರಲ್ಲಿ ನಾಗಪುರ ಹೈಕೋರ್ಟ್ ಮುಂದೆ ಬಂದಿತ್ತು. ಇಲ್ಲ ಎಂದು ಅದು ಉತ್ತರಿಸಿತು. 2010ರಲ್ಲಿ ಉತ್ತರಾಖಂಡದ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಕೂಡ ಅದನ್ನೇ ಎತ್ತಿಹಿಡಿಯಿತು.

177ನೇ ವಿಧಿ ಅಷ್ಟಾಗಿ ಯಾರ ಗಮನಕ್ಕೂ ಬಂದಿಲ್ಲ. ಅಡ್ವೊಕೇಟ್ ಜನರಲ್‌ಗೆ ವಿಧಾನಸಭೆ ಮತ್ತು ವಿಧಾನ ಪರಿಷತ್ತಿನಲ್ಲಿ ಮಾತಾಡುವ, ಕಲಾಪದಲ್ಲಿ ಭಾಗವಹಿಸುವ ಹಕ್ಕಿದೆ, ಮತದಾನದ ಹಕ್ಕಿಲ್ಲ. ಅಂದರೆ ಕಾನೂನು ರೂಪುಗೊಳ್ಳುವ ಹೊತ್ತಿನಲ್ಲೇ ಸದನದಲ್ಲಿ ನಿಂತು ಇದು ಕೋರ್ಟಿನಲ್ಲಿ ನಿಲ್ಲುತ್ತದೆ, ಇದು ನಿಲ್ಲುವುದಿಲ್ಲ ಎಂದು ಶಾಸಕರಿಗೆ ತಿಳಿಸಬಲ್ಲ ವಕೀಲರೊಬ್ಬರನ್ನು ಸಂವಿಧಾನ ಕೊಟ್ಟಿದೆ.

ಕಂಪನಿ ಕಾಲದ ಹುದ್ದೆ

ಈ ಹುದ್ದೆ ಸಂವಿಧಾನಕ್ಕಿಂತ ಹಳೆಯದು. ಮದ್ರಾಸ್, ಕಲ್ಕತ್ತಾ, ಬಾಂಬೆ ಪ್ರೆಸಿಡೆನ್ಸಿಗಳಲ್ಲಿ ಈಸ್ಟ್ ಇಂಡಿಯಾ ಕಂಪನಿಯ ಪರ ವಾದಿಸಲು ಅಡ್ವೊಕೇಟ್ ಜನರಲ್ ಇರುತ್ತಿದ್ದರು. ವ್ಯಾಪಾರಿ ಕಂಪನಿಯೊಂದರ ವಕೀಲ ಕಾಲಕ್ರಮದಲ್ಲಿ ಸರ್ಕಾರದ ವಕೀಲನಾದ. 1861ರ ಇಂಡಿಯನ್ ಕೌನ್ಸಿಲ್ಸ್ ಕಾಯ್ದೆ ಬಾಂಬೆಗೆ ಕಾನೂನು ಮಾಡುವ ಅಧಿಕಾರವನ್ನು ಮರಳಿ ಕೊಟ್ಟಾಗ, ಗವರ್ನರ್ ಅವರ ಶಾಸನ ಸಭೆಯಲ್ಲಿ ಅಡ್ವೊಕೇಟ್ ಜನರಲ್‌ಗೂ ಸ್ಥಾನ ಸಿಕ್ಕಿತು. ಈಗಿನ 177ನೇ ವಿಧಿಯ ಬೇರು ಇಲ್ಲಿದೆ. ಮರುವರ್ಷ, 1862ರ ಆಗಸ್ಟ್ 14ರಂದು, ಬಾಂಬೆ ಹೈಕೋರ್ಟ್ ಆರಂಭವಾಯಿತು. 1935ರ ಭಾರತ ಸರ್ಕಾರ ಕಾಯ್ದೆ ಪ್ರತಿ ಪ್ರಾಂತ್ಯಕ್ಕೂ ಈ ಹುದ್ದೆಯನ್ನು ವಿಸ್ತರಿಸಿತು.

ವಸಾಹತು ಕಾಲದಲ್ಲಿ ಈ ಹುದ್ದೆಯ ಮುಖ ಯಾವುದು ಎಂಬುದಕ್ಕೆ 1908 ನೆನಪಿಸಿಕೊಂಡರೆ ಸಾಕು. ಬಾಲಗಂಗಾಧರ ತಿಲಕರ ಮೇಲೆ ರಾಜದ್ರೋಹದ ವಿಚಾರಣೆ ಬಾಂಬೆ ಹೈಕೋರ್ಟಿನಲ್ಲಿ ನಡೆದು, ಆರು ವರ್ಷ ಗಡೀಪಾರು ಶಿಕ್ಷೆಯಾಯಿತು. ಆಗ ಆಳುವವರ ಪರ ವಾದಿಸುವುದೇ ಸರ್ಕಾರಿ ವಕೀಲಿಕೆಯ ಕೆಲಸವಾಗಿತ್ತು.

ಆದರೆ ಅದೇ 1908ರಲ್ಲಿ ಬಂದ ಸಿವಿಲ್ ಪ್ರಕ್ರಿಯಾ ಸಂಹಿತೆಯ ಎರಡು ಕಲಂಗಳು ಅಡ್ವೊಕೇಟ್ ಜನರಲ್ ಅವರನ್ನು ಜನರ ಕಡೆಯೂ ನಿಲ್ಲಿಸಿದವು. ಸಾರ್ವಜನಿಕರಿಗೆ ಉಪದ್ರವ ಉಂಟಾದರೆ ಅಡ್ವೊಕೇಟ್ ಜನರಲ್ ತಾವೇ ದಾವೆ ಹೂಡಬಹುದು ಎಂದು 91ನೇ ಕಲಂ ಹೇಳಿತು. ಧಾರ್ಮಿಕ ಮತ್ತು ದತ್ತಿ ಸಂಸ್ಥೆಗಳಲ್ಲಿ ಆಸ್ತಿ ದುರುಪಯೋಗವಾದರೆ ದಾವೆ ಹೂಡುವ ಅಧಿಕಾರವನ್ನು 92ನೇ ಕಲಂ ಕೊಟ್ಟಿತು. ಊರಿನ ಇಬ್ಬರು ಇಂಥ ದಾವೆ ಹಾಕಬೇಕಿದ್ದರೆ ಆಗ ಅಡ್ವೊಕೇಟ್ ಜನರಲ್ ಅವರ ಒಪ್ಪಿಗೆ ಬೇಕಿತ್ತು. ಒಂದೇ ಕೋಟಿನ ಒಂದು ತೋಳು ಸರ್ಕಾರಕ್ಕೆ, ಇನ್ನೊಂದು ಸಾರ್ವಜನಿಕರಿಗೆ ಎಂಬ ವ್ಯವಸ್ಥೆ ಅದು.

ಕಾಂಗಾ, ಸೆಟಲ್ವಾಡ್, ಸೀರ್ವಾಯಿ

ಬಾಂಬೆಯಲ್ಲಿ ಈ ಹುದ್ದೆಗೆ ಘನತೆ ತಂದವರಲ್ಲಿ ಸರ್ ಜಮ್‌ಶೆಡ್‌ಜಿ ಕಾಂಗಾ ಮುಖ್ಯರು. 1922ರಿಂದ 1935ರವರೆಗೆ ಅಡ್ವೊಕೇಟ್ ಜನರಲ್ ಆಗಿದ್ದ ಅವರ ಛೇಂಬರ್‌ನಲ್ಲಿ ಎಚ್.ಎಂ. ಸೀರ್ವಾಯಿ, ನಾನಿ ಪಾಲ್ಖಿವಾಲಾ, ಫಾಲಿ ನರಿಮನ್ ಅವರಂಥ ಘಟಾನುಘಟಿಗಳು ತಯಾರಾದರು.

1937ರಲ್ಲಿ ಹುದ್ದೆಗೆ ಬಂದ ಎಂ.ಸಿ. ಸೆಟಲ್ವಾಡ್, ಕ್ವಿಟ್ ಇಂಡಿಯಾ ಚಳವಳಿಯ ವರ್ಷವಾದ 1942ರಲ್ಲಿ ಅದನ್ನು ಬಿಟ್ಟರು. 1950ರಲ್ಲಿ ಅವರು ದೇಶದ ಮೊದಲ ಅಟಾರ್ನಿ ಜನರಲ್ ಆದರು. ಸರ್ಕಾರದ ವಕೀಲ ಸರ್ಕಾರದ ತಾಳಕ್ಕೆ ಕುಣಿಯಬೇಕಿಲ್ಲ ಎಂದು ಅವರು 1958ರಲ್ಲಿ ತೋರಿಸಿದರು. ಜೀವ ವಿಮಾ ನಿಗಮದ ಹಣ ಹರಿದಾಸ್ ಮುಂಧ್ರಾ ಅವರ ಕಂಪನಿಗಳಿಗೆ ಹರಿದ ಹಗರಣದ ಬಗ್ಗೆ ಎಂ.ಸಿ. ಛಾಗ್ಲಾ ಆಯೋಗ ವಿಚಾರಣೆ ನಡೆಸಿದಾಗ ಸೆಟಲ್ವಾಡ್ ಆಯೋಗಕ್ಕೆ ನೆರವಾದರು, ಮಂತ್ರಿ ಮತ್ತು ಅಧಿಕಾರಿಗಳಿಗೆ ರಿಯಾಯಿತಿ ತೋರಲಿಲ್ಲ. ಹಣಕಾಸು ಸಚಿವ ಟಿ.ಟಿ. ಕೃಷ್ಣಮಾಚಾರಿ ರಾಜೀನಾಮೆ ಕೊಡಬೇಕಾಯಿತು.

ಸೀರ್ವಾಯಿ 1957ರಿಂದ 1974ರವರೆಗೆ, ಒಟ್ಟು 17 ವರ್ಷ, ಅಡ್ವೊಕೇಟ್ ಜನರಲ್ ಆಗಿದ್ದರು. ಬಾಂಬೆ ರಾಜ್ಯ ಒಡೆದು 1960ರಲ್ಲಿ ಮಹಾರಾಷ್ಟ್ರವಾದಾಗಲೂ, ಮುಖ್ಯಮಂತ್ರಿಗಳು ಬದಲಾದಾಗಲೂ ಅವರು ಅಲ್ಲೇ ಇದ್ದರು. ಕನ್ನಡಿಗರಿಗೆ ಅವರ ಹೆಸರು ತಲುಪಿದ್ದು ಕಾಸರಗೋಡಿನ ಎಡನೀರು ಮಠದ ಕೇಶವಾನಂದ ಭಾರತಿ ಸ್ವಾಮೀಜಿ ಹೂಡಿದ ಪ್ರಕರಣದಿಂದ. ಕೇರಳ ಸರ್ಕಾರದ ಭೂಸುಧಾರಣೆ ವಿರುದ್ಧ ಮಠದ ಆಸ್ತಿ ಉಳಿಸಿಕೊಳ್ಳಲು ಆರಂಭವಾದ ಈ ಮೊಕದ್ದಮೆ, ಸಂಸತ್ತು ಸಂವಿಧಾನವನ್ನು ಎಷ್ಟರಮಟ್ಟಿಗೆ ತಿದ್ದಬಹುದು ಎಂಬ ಪ್ರಶ್ನೆಯಾಗಿ ಬೆಳೆಯಿತು. 13 ನ್ಯಾಯಮೂರ್ತಿಗಳ ಮುಂದೆ 68 ದಿನ ವಾದ ನಡೆಯಿತು. ಸ್ವಾಮೀಜಿ ಪರ ಪಾಲ್ಖಿವಾಲಾ, ಕೇರಳದ ಪರ ಸೀರ್ವಾಯಿ. ಇಬ್ಬರೂ ಕಾಂಗಾ ಛೇಂಬರ್‌ನವರು. 1973ರ ಏಪ್ರಿಲ್ 24ರಂದು 7-6ರ ಬಹುಮತದಲ್ಲಿ ಮೂಲ ಸ್ವರೂಪದ ಸಿದ್ಧಾಂತ ಹುಟ್ಟಿತು. ಸೀರ್ವಾಯಿ ಅದನ್ನು ವಿರೋಧಿಸಿದ್ದರು, ತುರ್ತು ಪರಿಸ್ಥಿತಿಯ ಅನುಭವದ ನಂತರ ಅಭಿಪ್ರಾಯ ಬದಲಿಸಿಕೊಂಡು ತಮ್ಮ ಗ್ರಂಥದಲ್ಲಿ ಅದನ್ನು ಒಪ್ಪಿದರು.

ಇವರೆಲ್ಲ ಸರ್ಕಾರದ ಪರವೇ ವಾದಿಸಿದವರು. ಆದರೂ ಇವರ ಮಾತಿಗೆ ಕೋರ್ಟಿನಲ್ಲೂ ಸಚಿವಾಲಯದಲ್ಲೂ ತೂಕ ಇತ್ತು. ಹುದ್ದೆ ಹೋದರೆ ಹೋಗಲಿ ಎನ್ನುವಷ್ಟು ಸ್ವಂತ ವಕೀಲಿಕೆ ಅವರಿಗಿತ್ತು, ಸಲಹೆ ಕೊಟ್ಟು ಅದರ ಫಲ ನೋಡುವಷ್ಟು ದೀರ್ಘ ಅವಧಿಯೂ ಇತ್ತು.

ಬಳಕೆ ತಪ್ಪಿದ ಅಧಿಕಾರ

ಜನರ ಪರ ನಿಲ್ಲುವ ಕೆಲಸ ದುರ್ಬಲವಾದದ್ದು ಯಾರದೋ ಸಂಚಿನಿಂದಲ್ಲ. 1976ರ ತಿದ್ದುಪಡಿಯಲ್ಲಿ 91 ಮತ್ತು 92ನೇ ಕಲಂಗಳು ಬದಲಾದವು. ದಾವೆ ಹಾಕುವ ಇಬ್ಬರು ನಾಗರಿಕರಿಗೆ ಇನ್ನು ಅಡ್ವೊಕೇಟ್ ಜನರಲ್ ಒಪ್ಪಿಗೆ ಬೇಡ, ಕೋರ್ಟಿನ ಅನುಮತಿ ಸಾಕು ಎಂದಾಯಿತು. ಜನರಿಗೆ ಇದು ಒಳ್ಳೆಯದೇ. 1980ರ ದಶಕದಲ್ಲಿ ಸಾರ್ವಜನಿಕ ಹಿತಾಸಕ್ತಿ ಅರ್ಜಿ ಬಂದ ಮೇಲೆ ಯಾರು ಬೇಕಾದರೂ ನೇರವಾಗಿ ಹೈಕೋರ್ಟಿಗೆ ಹೋಗಬಹುದಾಯಿತು.

ಅಡ್ವೊಕೇಟ್ ಜನರಲ್ ತಾವೇ ದಾವೆ ಹೂಡುವ ಅಧಿಕಾರ ಮಾತ್ರ ಪುಸ್ತಕದಲ್ಲಿ ಹಾಗೆಯೇ ಉಳಿದಿದೆ. ನ್ಯಾಯಾಂಗ ನಿಂದನೆ ಪ್ರಕರಣಗಳಲ್ಲಿ 1971ರ ಕಾಯ್ದೆಯಂತೆ ಅವರ ಸಮ್ಮತಿ ಕೇಳುವುದು ಈಗಲೂ ನಡೆದಿದೆ. ಕುಸಿಯುವ ಕಟ್ಟಡಗಳ ವಿಷಯದಲ್ಲಿ ಆದದ್ದೇ ಬೇರೆ. ಉಲ್ಹಾಸನಗರದ ಪ್ರಕರಣವನ್ನು ಹೈಕೋರ್ಟಿಗೆ ತಂದದ್ದು ಅಡ್ವೊಕೇಟ್ ಜನರಲ್ ಕಚೇರಿಯಲ್ಲ, ಸಾರ್ವಜನಿಕ ಹಿತಾಸಕ್ತಿ ಅರ್ಜಿ. ಪಾಲಿಕೆ ಕಣ್ಣು ಮುಚ್ಚಿ ಕೂತಾಗ, ಬಿಲ್ಡರ್ ಮೇಲೆ ಜನರ ಪರ ದಾವೆ ಹೂಡುವಂಥ ಸಾರ್ವಜನಿಕ ಕಚೇರಿ ಇದ್ದೂ ಇಲ್ಲದಂತಾಯಿತು. ಅರ್ಜಿದಾರ ಒಂದು ಕಡೆ, ಸರ್ಕಾರ ಮತ್ತು ಪಾಲಿಕೆ ಇನ್ನೊಂದು ಕಡೆ. ಫ್ಲ್ಯಾಟ್ ಕೊಂಡು ಮೋಸಹೋದ ಕುಟುಂಬದ ಪರ ಮಾತಾಡುವವರು ಆರಂಭದಲ್ಲಿ ಯಾರೂ ಇರುವುದಿಲ್ಲ. ಅವರು ಕೋರ್ಟಿಗೆ ಓಡುವುದು ತೆರವು ನೋಟಿಸ್ ಬಾಗಿಲಿಗೆ ಅಂಟಿಸಿದ ಮೇಲೆ.

ಸರ್ಕಾರ ಬದಲಾದರೆ ಎಜಿಯೂ ಬದಲು

ಸಲಹೆ ಕೊಡುವ ಕೆಲಸ ದುರ್ಬಲವಾಗಲು ಹುದ್ದೆಯ ಅಸ್ಥಿರತೆಯೂ ಒಂದು ಕಾರಣ. 2014ರಲ್ಲಿ ಮಹಾರಾಷ್ಟ್ರದಲ್ಲಿ ಸರ್ಕಾರ ಬದಲಾದಾಗ ಡೇರಿಯಸ್ ಖಂಬಾಟಾ ಹೊರಬಂದರು. ಅಲ್ಲಿಂದ 2017ರ ಮಧ್ಯದವರೆಗೆ ಸುನಿಲ್ ಮನೋಹರ್, ಶ್ರೀಹರಿ ಅಣೆ, ರೋಹಿತ್ ದೇವ್, ಆಶುತೋಷ್ ಕುಂಭಕೋಣಿ, ಹೀಗೆ ಮೂರು ವರ್ಷದೊಳಗೆ ನಾಲ್ವರನ್ನು ರಾಜ್ಯ ಕಂಡಿತು. ನಡುನಡುವೆ ಹಂಗಾಮಿ ವ್ಯವಸ್ಥೆ. ಪ್ರತ್ಯೇಕ ವಿದರ್ಭ ಮತ್ತು ಮರಾಠವಾಡ ಕುರಿತ ಹೇಳಿಕೆಗಳಿಂದ ವಿವಾದಕ್ಕೆ ಸಿಲುಕಿದ ಅಣೆ 2016ರ ಮಾರ್ಚ್‌ನಲ್ಲಿ ರಾಜೀನಾಮೆ ಕೊಟ್ಟರು. ಆ ವರ್ಷದ ಕೊನೆಯವರೆಗೂ ಪೂರ್ಣಾವಧಿ ನೇಮಕ ಆಗದೆ ಹೈಕೋರ್ಟ್ ಸರ್ಕಾರವನ್ನು ಪ್ರಶ್ನಿಸಬೇಕಾಯಿತು. 2022ರಲ್ಲಿ ಮತ್ತೆ ಸರ್ಕಾರ ಬದಲಾದಾಗ ಕುಂಭಕೋಣಿ ಹೋಗಿ ಬೀರೇಂದ್ರ ಸರಾಫ್ ಬಂದರು.

ಇಷ್ಟೆಲ್ಲದರ ನಡುವೆಯೂ ಒಳ್ಳೆಯ ಉದಾಹರಣೆಗಳಿವೆ. ವ್ಯಂಗ್ಯಚಿತ್ರಕಾರ ಅಸೀಂ ತ್ರಿವೇದಿ ಮೇಲಿನ ರಾಜದ್ರೋಹ ಆರೋಪ ಕೈಬಿಡುವುದಾಗಿ 2012ರಲ್ಲಿ ಹೈಕೋರ್ಟಿಗೆ ತಿಳಿಸಿದವರು ಖಂಬಾಟಾ. ಅದೇ ಪ್ರಕರಣದ ಮುಂದುವರಿಕೆಯಾಗಿ ಸರ್ಕಾರ 2015ರಲ್ಲಿ ಹೊರಡಿಸಿದ ರಾಜದ್ರೋಹ ಕುರಿತ ಸುತ್ತೋಲೆ ಟೀಕೆಗೆ ಗುರಿಯಾದಾಗ, ಅದನ್ನು ಹಿಂಪಡೆಯುವುದಾಗಿ ಕೋರ್ಟಿನಲ್ಲಿ ಹೇಳಿದವರು ಅಣೆ. ತಿಲಕರಿಗೆ ಶಿಕ್ಷೆಯಾದ ಅದೇ ಹೈಕೋರ್ಟಿನಲ್ಲಿ, ಸುಮಾರು ನೂರು ವರ್ಷದ ನಂತರ, ಸರ್ಕಾರದ ವಕೀಲರು ಅದೇ ಕಲಮಿನ ವಿಷಯದಲ್ಲಿ ಸರ್ಕಾರ ಹಿಂದೆ ಸರಿಯುತ್ತಿದೆ ಎಂದರು. ತಪ್ಪಾದಾಗ ಹಿಂದೆ ಸರಿಯುವುದಕ್ಕೂ ಈ ಹುದ್ದೆ ದಾರಿಯಾಗಬಲ್ಲದು ಎಂಬುದಕ್ಕೆ ಇದು ನಿದರ್ಶನ.

ದಿಘಾದಿಂದ ಡೊಂಬಿವಲಿವರೆಗೆ

ಅಕ್ರಮ ಕಟ್ಟಡದ ವಿಷಯದಲ್ಲಿ ಹಾಗಾಗಲಿಲ್ಲ. ಉಲ್ಹಾಸನಗರದ ಮಾದರಿಯೇ ಇಡೀ ರಾಜ್ಯಕ್ಕೆ ಹರಡಿತು. ನವಿ ಮುಂಬೈಯ ದಿಘಾದಲ್ಲಿ ಸರ್ಕಾರಿ ಸಂಸ್ಥೆಗಳ ಜಮೀನಿನ ಮೇಲೆ ಎದ್ದಿದ್ದ 99 ಕಟ್ಟಡಗಳನ್ನು ತೆರವು ಮಾಡಲು 2015ರಲ್ಲಿ ಹೈಕೋರ್ಟ್ ಆದೇಶಿಸಿದಾಗ, ಸರ್ಕಾರ ಸಕ್ರಮ ನೀತಿ ತಂದಿತು. ಕೋರ್ಟ್ ಅದನ್ನು ಒಪ್ಪಲಿಲ್ಲ. 2017ರಲ್ಲಿ ನಗರ ಯೋಜನಾ ಕಾಯ್ದೆಗೇ ತಿದ್ದುಪಡಿ ತಂದು 52ಎ ಕಲಂ ಸೇರಿಸಲಾಯಿತು. 2015ರ ಡಿಸೆಂಬರ್ 31ಕ್ಕೆ ಮೊದಲು ಎದ್ದ ಕಟ್ಟಡಗಳಿಗೆ ಷರತ್ತಿನ ಮೇಲೆ ರಿಯಾಯಿತಿ ಎಂದಿತು ಸರ್ಕಾರ. 2018ರಲ್ಲಿ ಹೈಕೋರ್ಟ್ ಆ ಕಲಮನ್ನು ಎತ್ತಿಹಿಡಿಯಿತಾದರೂ ಅದರಡಿ ಮಾಡಿದ ನಿಯಮಗಳ ಕೆಲವು ಭಾಗಗಳನ್ನು ರದ್ದುಪಡಿಸಿತು.

ನೀತಿ ತರುವುದು, ಕೋರ್ಟ್ ತಿರಸ್ಕರಿಸುವುದು, ಮತ್ತೆ ತಿದ್ದುವುದು. ಈ ಸುತ್ತಾಟದಲ್ಲಿ ವರ್ಷಗಳು ಕಳೆದವು. ಕೋರ್ಟಿನಲ್ಲಿ ನಿಲ್ಲದ ಭಾಗಗಳನ್ನು ಕರಡು ಹಂತದಲ್ಲೇ ಗುರುತಿಸಿದ್ದರೆ ಆ ವರ್ಷಗಳನ್ನು ಕಟ್ಟಡಗಳ ದೃಢತೆ ಪರೀಕ್ಷಿಸಲು, ಅಪಾಯದಲ್ಲಿರುವವರಿಗೆ ಬೇರೆ ಮನೆ ಹುಡುಕಲು ಬಳಸಬಹುದಿತ್ತು.

ವಿಳಂಬದ ಬೆಲೆ ಅಂಕಿಗಳಲ್ಲಿದೆ. 2013ರ ಏಪ್ರಿಲ್‌ನಲ್ಲಿ ಮುಂಬ್ರಾ ಬಳಿಯ ಶೀಳ್ ಫಾಟಾದಲ್ಲಿ ಕಟ್ಟುತ್ತಿದ್ದ ಅಕ್ರಮ ಕಟ್ಟಡ ಕುಸಿದು 74 ಮಂದಿ ಸತ್ತರು. 2020ರ ಸೆಪ್ಟೆಂಬರ್‌ನಲ್ಲಿ ಭಿವಂಡಿಯಲ್ಲಿ ಕನಿಷ್ಠ 38 ಮಂದಿ ಬಲಿಯಾದಾಗ ಹೈಕೋರ್ಟ್ ಸ್ವಯಂಪ್ರೇರಿತವಾಗಿ ಪ್ರಕರಣ ಕೈಗೆತ್ತಿಕೊಂಡಿತು. 2025ರ ಆಗಸ್ಟ್‌ನಲ್ಲಿ ವಿರಾರ್‌ನಲ್ಲಿ ಕಟ್ಟಡ ಕುಸಿದು 17 ಮಂದಿ ಜೀವ ಕಳೆದುಕೊಂಡರು.

2024ರ ನವೆಂಬರ್‌ನಲ್ಲಿ ಕಲ್ಯಾಣ್-ಡೊಂಬಿವಲಿಯ 65 ಕಟ್ಟಡಗಳನ್ನು ತೆರವು ಮಾಡಲು ಹೈಕೋರ್ಟ್ ಹೇಳಿತು. ಪಾಲಿಕೆಯ ನಕಲಿ ಪರವಾನಗಿ ಪತ್ರ ತೋರಿಸಿ ರೇರಾ ನೋಂದಣಿ ಪಡೆದು ಮಾರಿದ ಕಟ್ಟಡಗಳಿವು. ರೇರಾ ಸಂಖ್ಯೆ ನೋಡಿ ಬ್ಯಾಂಕ್ ಸಾಲ ಮಾಡಿ ಕೊಂಡವರು ಇಲ್ಲಿ ಮೋಸಹೋದವರು. ಡೊಂಬಿವಲಿ, ಕಲ್ಯಾಣ್, ಠಾಣೆ ಕಡೆ ದಶಕಗಳಿಂದ ನೆಲೆಸಿರುವ ಕರಾವಳಿ ಮತ್ತು ಉತ್ತರ ಕರ್ನಾಟಕದ ಕುಟುಂಬಗಳಿಗೆ ಇದು ದೂರದ ಸುದ್ದಿಯಲ್ಲ, ಪಕ್ಕದ ಬೀದಿಯದು. ಅದೇ ಡಿಸೆಂಬರ್‌ನಲ್ಲಿ ಉತ್ತರ ಪ್ರದೇಶದ ಪ್ರಕರಣವೊಂದರಲ್ಲಿ ಸುಪ್ರೀಂ ಕೋರ್ಟ್, ಎಷ್ಟು ವರ್ಷ ಕಳೆದರೂ ಎಷ್ಟು ಹಣ ಹೂಡಿದ್ದರೂ ಅಕ್ರಮ ಕಟ್ಟಡ ತಾನಾಗಿ ಸಕ್ರಮ ಆಗದು ಎಂದು ಸ್ಪಷ್ಟಪಡಿಸಿದೆ.

ಕರ್ನಾಟಕದ ಅನುಭವ

ಈ ಪಾಠ ಕರ್ನಾಟಕಕ್ಕೂ ಹೊಸದಲ್ಲ. ವಸತಿ ಕಟ್ಟಡಗಳಲ್ಲಿ ಶೇ 50, ವಾಣಿಜ್ಯ ಕಟ್ಟಡಗಳಲ್ಲಿ ಶೇ 25ರವರೆಗಿನ ಉಲ್ಲಂಘನೆ ಸಕ್ರಮಗೊಳಿಸುವ ಅಕ್ರಮ-ಸಕ್ರಮ ಯೋಜನೆಗೆ 2016ರ ಡಿಸೆಂಬರ್‌ನಲ್ಲಿ ಹೈಕೋರ್ಟ್ ಒಪ್ಪಿಗೆ ಕೊಟ್ಟರೂ, ಮರುತಿಂಗಳೇ ಸುಪ್ರೀಂ ಕೋರ್ಟ್ ತಡೆ ನೀಡಿತು.

ಹುದ್ದೆಯ ಮೇಲಿನ ಒತ್ತಡಕ್ಕೂ ಇಲ್ಲಿ ಉದಾಹರಣೆ ಇದೆ. ಐದು ಬಾರಿ ಅಡ್ವೊಕೇಟ್ ಜನರಲ್ ಆಗಿದ್ದ ಬಿ.ವಿ. ಆಚಾರ್ಯ, ಜಯಲಲಿತಾ ಅಕ್ರಮ ಆಸ್ತಿ ಪ್ರಕರಣದಲ್ಲಿ ವಿಶೇಷ ಸರ್ಕಾರಿ ಅಭಿಯೋಜಕರೂ ಆಗಿದ್ದರು. ಎರಡು ಹುದ್ದೆ ಸಲ್ಲದು ಎಂಬ ಆಕ್ಷೇಪ ಬಂದಾಗ 2012ರ ಫೆಬ್ರುವರಿಯಲ್ಲಿ ರಾಜ್ಯದ ಅತ್ಯುನ್ನತ ಕಾನೂನು ಹುದ್ದೆಯನ್ನೇ ಬಿಟ್ಟು, ಪ್ರಕರಣವನ್ನು ಉಳಿಸಿಕೊಂಡರು. ಅದೇ ವರ್ಷ ಆ ಹೊಣೆಯನ್ನೂ ಬಿಡಬೇಕಾಯಿತು.

ಗುಟ್ಟಾಗಿ ಉಳಿಯುವ ಸಲಹೆ

2006ರಲ್ಲಾಗಲಿ 2017ರಲ್ಲಾಗಲಿ ಅಡ್ವೊಕೇಟ್ ಜನರಲ್ ಸರ್ಕಾರಕ್ಕೆ ಏನು ಸಲಹೆ ಕೊಟ್ಟರು ಎಂದು ಉಲ್ಹಾಸನಗರ ಅಥವಾ ದಿಘಾದ ನಿವಾಸಿ ತಿಳಿಯುವ ದಾರಿಯಿಲ್ಲ. ವಕೀಲ ಮತ್ತು ಕಕ್ಷಿದಾರನ ನಡುವಿನ ಮಾತು ಗೋಪ್ಯ ಎಂಬುದು ವಾದ. ಕೇಂದ್ರದ ಅಟಾರ್ನಿ ಜನರಲ್ ಕಚೇರಿ ಮಾಹಿತಿ ಹಕ್ಕು ಕಾಯ್ದೆಯ ಅಡಿ ಸಾರ್ವಜನಿಕ ಪ್ರಾಧಿಕಾರವಲ್ಲ ಎಂದು 2017ರಲ್ಲಿ ದೆಹಲಿ ಹೈಕೋರ್ಟಿನ ವಿಭಾಗೀಯ ಪೀಠ ಹೇಳಿದೆ. 165ನೇ ವಿಧಿಯ ಪ್ರಕಾರ ಸಲಹೆ ಕೊಡಬೇಕಾದದ್ದು ಕೇಳಿದಾಗ ಮಾತ್ರ. ಕೇಳಲೇಬೇಕು ಎಂಬ ಕಡ್ಡಾಯ ಇಲ್ಲ.

ಬೇರೆ ದೇಶಗಳಲ್ಲಿ ದಾರಿಗಳು ಬೇರೆ. ಅಮೆರಿಕದ 50ರಲ್ಲಿ 43 ರಾಜ್ಯಗಳಲ್ಲಿ ಅಟಾರ್ನಿ ಜನರಲ್ ಅವರನ್ನು ಜನರೇ ಮತ ಹಾಕಿ ಆರಿಸುತ್ತಾರೆ. ಹಾಗಾಗಿ ಗವರ್ನರ್‌ಗೆ ಎದುರು ನಿಲ್ಲುವ ಬಲ ಅವರಿಗಿದೆ, ಜೊತೆಗೆ ಪಕ್ಷ ರಾಜಕೀಯದ ಸೋಂಕೂ ಇದೆ. ಬ್ರಿಟನ್ನಿನಲ್ಲಿ ಇರಾಕ್ ಯುದ್ಧಕ್ಕೆ ಮುನ್ನ ಲಾರ್ಡ್ ಗೋಲ್ಡ್‌ಸ್ಮಿತ್ 2003ರ ಮಾರ್ಚ್‌ನಲ್ಲಿ ಕೊಟ್ಟ ಕಾನೂನು ಸಲಹೆ ಗುಟ್ಟಾಗಿತ್ತು, ಎರಡು ವರ್ಷದ ಒತ್ತಡದ ನಂತರ ಬಹಿರಂಗವಾಯಿತು. ಅದರಲ್ಲಿ ಅವರು ವ್ಯಕ್ತಪಡಿಸಿದ್ದ ಅನುಮಾನಗಳು ಸಂಸತ್ತಿನ ಮುಂದೆ ಬಂದಿರಲಿಲ್ಲ ಎಂಬುದು ಜನರಿಗೆ ತಿಳಿದದ್ದು ಆಗ.

ಮಹಾರಾಷ್ಟ್ರ ಅಷ್ಟು ದೂರ ಹೋಗಬೇಕಿಲ್ಲ. ನಡೆಯುತ್ತಿರುವ ಮೊಕದ್ದಮೆಯ ಸಲಹೆ ಗೋಪ್ಯವಾಗಿರಲಿ. ಆದರೆ ಕೋರ್ಟ್ ಆದೇಶದ ಪರಿಣಾಮ ಬದಲಿಸುವ ಮಸೂದೆ ಸದನಕ್ಕೆ ಬಂದಾಗ 177ನೇ ವಿಧಿಯಂತೆ ಅಡ್ವೊಕೇಟ್ ಜನರಲ್ ಅವರನ್ನು ಕರೆದು ಶಾಸಕರು ಪ್ರಶ್ನೆ ಕೇಳಬಹುದು. ಅದಕ್ಕೆ ಹೊಸ ಕಾನೂನು ಬೇಡ. ಸುಗ್ರೀವಾಜ್ಞೆಯ ಕಡತದ ಜೊತೆ ಅವರ ಲಿಖಿತ ಅಭಿಪ್ರಾಯ ಇರಲೇಬೇಕು ಎಂದು ರಾಜ್ಯಪಾಲರು ಕೇಳಬಹುದು. ಹುದ್ದೆ ಖಾಲಿಯಾದರೆ ಇಂತಿಷ್ಟು ದಿನದಲ್ಲಿ ತುಂಬಬೇಕು ಎಂಬ ನಿಯಮ ತರಬಹುದು. ಸರ್ಕಾರಿ ವಕೀಲರ ನೇಮಕದಲ್ಲಿ ಪಾರದರ್ಶಕತೆ ಬೇಕು ಎಂದು 2016ರಲ್ಲಿ ಪಂಜಾಬ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿದ್ದಾಗಿದೆ. ಅವರೆಲ್ಲರ ಮುಖ್ಯಸ್ಥರ ವಿಷಯದಲ್ಲೂ ಅದೇ ಎಚ್ಚರ ಬೇಕು.

91ನೇ ಕಲಮಿನ ಅಧಿಕಾರಕ್ಕೂ ಜೀವ ಬರಬೇಕಿದೆ. ಒಂದು ಊರಿನಲ್ಲಿ ಅಪಾಯಕಾರಿ ಕಟ್ಟಡಗಳ ಪಟ್ಟಿಯನ್ನು ಪಾಲಿಕೆಯೇ ಪ್ರಕಟಿಸಿದ ಮೇಲೆ, ಕಟ್ಟಿ ಮಾರಿದ ಬಿಲ್ಡರ್‌ಗಳ ವಿರುದ್ಧ ನಿವಾಸಿಗಳ ಪರವಾಗಿ ದಾವೆ ಹೂಡಲು ಅಡ್ವೊಕೇಟ್ ಜನರಲ್ ಯಾವ ಸಾರ್ವಜನಿಕ ಹಿತಾಸಕ್ತಿ ಅರ್ಜಿಗೂ ಕಾಯಬೇಕಿಲ್ಲ. ಸರ್ಕಾರ ಮತ್ತು ಪಾಲಿಕೆಯೂ ಹೊಣೆಗಾರರಾಗಿರುವ ಪ್ರಕರಣಗಳಲ್ಲಿ ಅವರ ಕೈ ಕಟ್ಟಿದಂತಾಗುತ್ತದೆ ಎಂಬುದು ನಿಜವಾದ ತೊಡಕು. ಅಂಥ ಕಡೆ ಕೋರ್ಟ್ ಸ್ವತಂತ್ರ ವಕೀಲರನ್ನು ನೇಮಿಸಬಹುದು. ಬಿಲ್ಡರ್ ಮಾತ್ರ ಎದುರಾಳಿ ಆಗಿರುವ ಕಡೆ ಆ ತೊಡಕು ಇಲ್ಲ.

ಉಲ್ಹಾಸನಗರದ ನಿವಾಸಿಗಳಿಗೆ ಈಗ ಬೇಕಿರುವುದು ಎರಡು ಸರಳ ಉತ್ತರ: ತಾವಿರುವ ಕಟ್ಟಡ ನಿಲ್ಲುತ್ತದೆಯೇ, ಸರ್ಕಾರ ಕೊಡುವ ಸಕ್ರಮ ಪತ್ರ ಕೋರ್ಟಿನಲ್ಲಿ ನಿಲ್ಲುತ್ತದೆಯೇ. ಮೊದಲನೆಯದಕ್ಕೆ ಎಂಜಿನಿಯರ್ ಉತ್ತರಿಸಬೇಕು. ಎರಡನೆಯದಕ್ಕೆ ಉತ್ತರಿಸಲೆಂದೇ ರಾಜ್ಯದಲ್ಲಿ ಒಂದು ಸಾಂವಿಧಾನಿಕ ಹುದ್ದೆಯಿದೆ. ಮುಂದಿನ ಸಕ್ರಮ ಮಸೂದೆ ಸದನಕ್ಕೆ ಬಂದಾಗ ಆ ಉತ್ತರವನ್ನು ಶಾಸಕರು ಕೇಳುತ್ತಾರೆಯೇ ಎಂಬುದನ್ನು ನೋಡಬೇಕು.